ಕಾಫಿ ಮೇಲಿನ ಆರೋಪ ಬಿತ್ತು, ಅಡಿಕೆ ಮೇಲಿನದು ಯಾಕೆ ಬೀಳುತ್ತಿಲ್ಲ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬೆಳೆಗಳನ್ನು ಒಮ್ಮೆ ಸಾಲಾಗಿ ನೆನಪು ಮಾಡಿಕೊಳ್ಳಿ. ಮೂಡಿಗೆರೆ, ಸಕಲೇಶಪುರ, ಬೇಲೂರಿನ ಕಾಫಿ. ಕೊಪ್ಪ, ಶೃಂಗೇರಿ, ತರೀಕೆರೆಯ ಅಡಿಕೆ. ಹಾಸನದ ಆಲೂಗೆಡ್ಡೆ. ಅರಕಲಗೂಡಿನ ಹೊಗೆಸೊಪ್ಪು. ಈ ನಾಲ್ಕೂ ಒಂದಲ್ಲ ಒಂದು ಸಲ ಕ್ಯಾನ್ಸರ್ ಸುದ್ದಿಯಲ್ಲಿ ಬಂದಿವೆ. ಹಾಗಾಗಿ ನಮ್ಮ ಕಡೆಯವರಿಗೆ ಇದು ಬರೀ ಆರೋಗ್ಯದ ಸುದ್ದಿ ಅಲ್ಲ, ತೋಟದ ಸುದ್ದಿ, ಬ್ಯಾಂಕ್ ಸಾಲದ ಸುದ್ದಿ ಕೂಡ.

ಈಗ ಬಿಸಿ ಇರುವುದು ಅಡಿಕೆಗೆ. 2024ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟವಾಯಿತು. 2022ರಲ್ಲಿ ಜಗತ್ತಿನಲ್ಲಿ ಬಾಯಿ ಕ್ಯಾನ್ಸರ್ ಬಂದ ಸುಮಾರು 3,89,800 ಜನರಲ್ಲಿ 1,20,200 ಜನರಿಗೆ ಕಾರಣ ಜಗಿಯುವ ತಂಬಾಕು ಮತ್ತು ಅಡಿಕೆ, ಅದರಲ್ಲಿ 83,400 ಜನ ಭಾರತದವರು ಎಂದು ಅದು ಹೇಳಿತು. ಇತ್ತ ಕೇಂದ್ರ ಸರ್ಕಾರ, ಅಡಿಕೆ ನಿಜವಾಗಿ ಕ್ಯಾನ್ಸರ್ ತರುತ್ತದಾ ಎಂದು ಕೃಷಿ ಸಂಶೋಧನಾ ಮಂಡಳಿಯ ಮೂಲಕ ಹೊಸದಾಗಿ ಅಧ್ಯಯನ ಮಾಡಿಸುವುದಾಗಿ ಹೇಳಿದೆ. ಓದುವವರಿಗೆ ಗೊಂದಲ ಆಗದೆ ಇನ್ನೇನು? ಗೊತ್ತಾಗಿರುವ ವಿಷಯವಾದರೆ ಮತ್ತೆ ಯಾಕೆ ಅಧ್ಯಯನ? ಗೊತ್ತಿಲ್ಲದ ವಿಷಯವಾದರೆ 83,400 ಎಂಬ ಲೆಕ್ಕ ಎಲ್ಲಿಂದ ಬಂತು?

ಅಡಿಕೆ ಮಂಡಿಯಲ್ಲಿ ನಿಂತರೆ ಇನ್ನೊಂದು ಮಾತು ಕೇಳಿಸುತ್ತದೆ. "ಕಾಫಿಗೂ ಹಿಂಗೇ ಅಂದ್ರು, ಆಮೇಲೆ ವಾಪಸ್ ತಗೊಂಡ್ರು. ಅಡಿಕೇದೂ ಅಷ್ಟೇ." ಈ ಮಾತನ್ನು ಸುಮ್ನೆ ತಳ್ಳಿಹಾಕಬಾರದು. ಅದರ ಮೊದಲ ಅರ್ಧ ನಿಜ. ಎರಡನೇ ಅರ್ಧ ಯಾಕೆ ನಿಜವಲ್ಲ ಎಂದು ತಿಳಿಯಬೇಕಾದರೆ ಕಾಫಿಯ ಕಥೆಯನ್ನು ಪೂರ್ತಿ ನೋಡಬೇಕು. ಆ ಕಥೆಯ ನಡುವೆ ಒಬ್ಬ ಸಂಶೋಧಕರಿದ್ದಾರೆ.

ಬ್ರಯನ್ ಮ್ಯಾಕ್‌ಮಹೋನ್ ಯಾರು

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1923ರಲ್ಲಿ ಹುಟ್ಟಿದ ಡಾಕ್ಟರು. ಅಮೆರಿಕದ ಹಾರ್ವರ್ಡ್‌ನಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗಕ್ಕೆ 1958ರಿಂದ 1988ರವರೆಗೆ ಮುಖ್ಯಸ್ಥರಾಗಿದ್ದರು. ವಿಭಾಗದ ಹೆಸರು ಕೇಳಿ ಕಾಲರಾ, ಪ್ಲೇಗು ಎಂದುಕೊಳ್ಳಬೇಡಿ. ಯಾವ ಕಾಯಿಲೆ ಯಾರಿಗೆ ಜಾಸ್ತಿ ಬರುತ್ತದೆ, ಯಾರಿಗೆ ಕಡಿಮೆ, ಇವರಿಬ್ಬರ ಬದುಕಿನಲ್ಲಿ ವ್ಯತ್ಯಾಸ ಏನು ಎಂದು ಹುಡುಕುವುದು ಈ ಶಾಸ್ತ್ರದ ಕೆಲಸ. ಅದು ಅಂಟುರೋಗವೂ ಆಗಬಹುದು, ಕ್ಯಾನ್ಸರ್ರೂ ಆಗಬಹುದು.

1960ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಬರೆದ ಪಠ್ಯಪುಸ್ತಕವನ್ನು ಓದಿಯೇ ಒಂದು ಇಡೀ ತಲೆಮಾರು ಈ ವಿದ್ಯೆ ಕಲಿಯಿತು. ಬಸಿರಿನಲ್ಲಿದ್ದಾಗ ತಾಯಿಗೆ ಎಕ್ಸ್‌ರೇ ತೆಗೆದರೆ ಮಗುವಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ಆಲಿಸ್ ಸ್ಟುವರ್ಟ್ ಎಂಬ ವೈದ್ಯೆ ಹೇಳಿದಾಗ ಬಹಳ ಜನ ನಂಬಲಿಲ್ಲ. 1962ರಲ್ಲಿ ಮ್ಯಾಕ್‌ಮಹೋನ್ ಬೇರೆ ಜಾಗದಲ್ಲಿ, ಬೇರೆ ದಾಖಲೆ ಇಟ್ಟುಕೊಂಡು ಲೆಕ್ಕ ಮಾಡಿದರು, ಅದೇ ಉತ್ತರ ಬಂತು. 1970ರಲ್ಲಿ ಬಾಸ್ಟನ್, ಅಥೆನ್ಸ್, ಟೋಕಿಯೊ, ತೈಪೆ, ಸಾವೊ ಪಾವ್ಲೊ ಸೇರಿ ಏಳು ಜಾಗಗಳ ಹೆಂಗಸರ ಮಾಹಿತಿ ಒಟ್ಟು ಮಾಡಿ ಸ್ತನ ಕ್ಯಾನ್ಸರಿನ ಒಂದು ದೊಡ್ಡ ಗಂಟು ಬಿಡಿಸಿದರು. 18 ವರ್ಷಕ್ಕೆ ಮೊದಲೇ ಮೊದಲ ಹೆರಿಗೆ ಆದವರಿಗೆ, 35 ದಾಟಿದ ಮೇಲೆ ಮೊದಲ ಹೆರಿಗೆ ಆದವರಿಗಿಂತ ಅಪಾಯ ಸುಮಾರು ಮೂರನೇ ಒಂದು ಭಾಗ ಮಾತ್ರ. ಏಳು ದೇಶ, ಏಳು ಥರದ ಊಟ, ಆದರೂ ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಚಿತ್ರ. (ಬೇಗ ಮದುವೆ ಮಾಡಿ ಎಂದು ಯಾರೂ ಇದರಿಂದ ಅರ್ಥ ಮಾಡಿಕೊಳ್ಳಬಾರದು. ಆ ವಯಸ್ಸಿನ ಹೆರಿಗೆಯ ಅಪಾಯಗಳೇ ಬೇರೆ ಇವೆ.)

ಇಷ್ಟು ಯಾಕೆ ಹೇಳಿದೆ ಅಂದರೆ, ಮುಂದಿನ ತಪ್ಪು ಮಾಡಿದ್ದು ಯಾರೋ ಅರೆಬರೆ ಕಲಿತವರಲ್ಲ. ಈ ವಿದ್ಯೆಯ ಗುರುಗಳೇ.

1981ರ ಕಾಫಿ ಸುದ್ದಿ

ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್‌ನ ಕ್ಯಾನ್ಸರ್ ಬಹಳ ಕೆಟ್ಟದ್ದು. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೆ ಕಾರಣ ಹುಡುಕಲು ಮ್ಯಾಕ್‌ಮಹೋನ್ ತಂಡ ಈ ಕ್ಯಾನ್ಸರ್ ಇದ್ದ 369 ರೋಗಿಗಳನ್ನೂ ಹೋಲಿಕೆಗಾಗಿ ಅದಿಲ್ಲದ 644 ಜನರನ್ನೂ ಮಾತಾಡಿಸಿತು. ಸಿಗರೇಟು, ಮದ್ಯ, ಟೀ, ಕಾಫಿ ಎಲ್ಲ ಕೇಳಿತು. ಟೀಯಿಂದ ಏನೂ ಕಾಣಲಿಲ್ಲ. ಕಾಫಿ ಮಾತ್ರ ಎದ್ದು ಕಂಡಿತು. ಕಾಫಿ ಮುಟ್ಟದವರಿಗೆ ಹೋಲಿಸಿದರೆ ದಿನಕ್ಕೆ ಎರಡು ಕಪ್‌ವರೆಗೆ ಕುಡಿಯುವವರಲ್ಲಿ ಅಪಾಯ 1.8 ಪಟ್ಟು, ಮೂರು ಕಪ್ ಮತ್ತು ಅದಕ್ಕೂ ಜಾಸ್ತಿ ಕುಡಿಯುವವರಲ್ಲಿ 2.7 ಪಟ್ಟು.

ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಂಥ ಪತ್ರಿಕೆ, ಹಾರ್ವರ್ಡ್‌ನಂಥ ಹೆಸರು, ಜಗತ್ತೆಲ್ಲ ಕುಡಿಯುವ ಪಾನೀಯ. ಸುದ್ದಿ ಹಬ್ಬದೆ ಇರುತ್ತದಾ?

ತಪ್ಪು ಆಗಿದ್ದು ಎಲ್ಲಿ

ತಪ್ಪಾಗಿದ್ದು ಕ್ಯಾನ್ಸರ್ ರೋಗಿಗಳ ಕಡೆಯಲ್ಲಲ್ಲ, ಹೋಲಿಕೆಗೆ ತೆಗೆದುಕೊಂಡ 644 ಜನರ ಕಡೆ. ಇದನ್ನು ನಮ್ಮೂರಿನ ಮೇಲಿಟ್ಟು ನೋಡಿದರೆ ಬೇಗ ಅರ್ಥ ಆಗುತ್ತದೆ.

ಹಾಸನದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇದೇ ಅಧ್ಯಯನ ನಡೆಯುತ್ತಿದೆ ಎಂದುಕೊಳ್ಳಿ. ಹೊಟ್ಟೆ ಕಾಯಿಲೆಯ ತಜ್ಞರ ವಾರ್ಡಿನಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರಿನ ರೋಗಿ ಮಲಗಿದ್ದಾರೆ. ಹೋಲಿಕೆಗೆ ಬೇರೆಯವರು ಬೇಕಲ್ಲ, ಅದೇ ಡಾಕ್ಟರ ಹತ್ತಿರ ಬಂದ ಬೇರೆ ರೋಗಿಗಳನ್ನು ಹಿಡಿಯುತ್ತೀರಿ. ಅವರು ಯಾರು? ಅಲ್ಸರ್ ಆದವರು, ಹೊಟ್ಟೆ ಉರಿ, ಗ್ಯಾಸ್ಟ್ರಿಕ್ ಇರುವವರು, ಅಜೀರ್ಣದವರು. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂದು ಬಾಯಿ ಬಿಟ್ಟರೆ ಡಾಕ್ಟರು, ಮೆಡಿಕಲ್ ಶಾಪಿನವರು, ಪಕ್ಕದ ಮನೆಯವರು ಎಲ್ಲರೂ ಹೇಳುವ ಮೊದಲ ಮಾತು ಏನು? ಕಾಫಿ ಬಿಡಿ. ಎಷ್ಟೋ ಜನ ಆಗಲೇ ಬಿಟ್ಟಿರುತ್ತಾರೆ. "ದಿನಕ್ಕೆ ಎಷ್ಟು ಲೋಟ ಕಾಫಿ?" ಎಂದು ಕೇಳಿದರೆ ಒಂದು, ಅಥವಾ ಇಲ್ಲವೇ ಇಲ್ಲ ಅನ್ನುತ್ತಾರೆ. ಪಕ್ಕದ ಮಂಚದ ಕ್ಯಾನ್ಸರ್ ರೋಗಿ ಊರಿನ ಬೇರೆಲ್ಲರಂತೆ ಮೂರು ಲೋಟ ಅನ್ನುತ್ತಾರೆ. ಅವರು ಜಾಸ್ತಿ ಕುಡಿದದ್ದೇನೂ ಇಲ್ಲ, ಇವರು ಕಡಿಮೆ ಮಾಡಿಕೊಂಡಿದ್ದರು ಅಷ್ಟೇ. ಕಾಗದದ ಮೇಲೆ ಮಾತ್ರ ಕಾಫಿಯಿಂದ ಕ್ಯಾನ್ಸರ್ ಬಂದಂತೆ ಕಾಣುತ್ತದೆ.

ಮ್ಯಾಕ್‌ಮಹೋನ್ ಅಧ್ಯಯನದಲ್ಲಿ ಆಗಿದ್ದು ಬಹುಮಟ್ಟಿಗೆ ಇದೇ. ಪತ್ರಿಕೆ ಹೊರಬಂದ ಸ್ವಲ್ಪ ದಿನಕ್ಕೇ ಬೇರೆ ವಿಜ್ಞಾನಿಗಳು ಇದನ್ನು ಎತ್ತಿ ತೋರಿಸಿದರು. 1986ರಲ್ಲಿ ಅವರದೇ ತಂಡ ಮತ್ತೆ ಹೊಸ ರೋಗಿಗಳ ಮೇಲೆ ನೋಡಿದಾಗ ಮೊದಲಿನ ಫಲಿತಾಂಶ ಗಟ್ಟಿಯಾಗಿ ಮರಳಿ ಬರಲಿಲ್ಲ, ಅದನ್ನೂ ಅವರು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಅವರ ಇಡೀ ವೃತ್ತಿಯಲ್ಲಿ ಗೌರವ ಹುಟ್ಟಿಸುವ ಕೆಲಸಗಳಲ್ಲಿ ಇದೂ ಒಂದು. ಇವತ್ತಿಗೂ ಈ ವಿದ್ಯೆ ಕಲಿಯುವ ಹುಡುಗರಿಗೆ ಹೋಲಿಕೆ ಗುಂಪನ್ನು ಹೇಗೆ ಆರಿಸಬಾರದು ಎಂದು ತೋರಿಸಲು ಇದೇ ಉದಾಹರಣೆ ಕೊಡುತ್ತಾರೆ.

ಊಟದ ವಿಷಯದಲ್ಲಿ ಇಂಥ ಎಡವಟ್ಟು ಯಾಕೆ ಜಾಸ್ತಿ? ಅಳೆಯುವುದೇ ಕಷ್ಟ. ಅಮೆರಿಕದ ಬಾಸ್ಟನ್ನಿನ ಒಂದು ಕಪ್ ಬೇರೆ, ನಮ್ಮ ಸ್ಟೀಲ್ ಲೋಟ ಬೇರೆ, ತೋಟದ ಕೆಲಸಗಾರರ ಲೈನ್ ಮನೆಯ ಬೆಲ್ಲದ ಕಪ್ಪು ಕಾಫಿ ಬೇರೆ. ಪುಡಿಯಲ್ಲಿ ಚಿಕೋರಿ ನೂರಕ್ಕೆ 49ರವರೆಗೆ ಇರಲು ನಮ್ಮ ಕಾನೂನೇ ಒಪ್ಪುತ್ತದೆ. ಮೂವತ್ತು ವರ್ಷದ ಹಿಂದೆ ಎಷ್ಟು ಕುಡಿಯುತ್ತಿದ್ದಿರಿ ಎಂದರೆ ಯಾರಿಗೆ ನೆನಪಿರುತ್ತದೆ? ಅದೇ 1981ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ ಅಮೆರಿಕದ ಕ್ಯಾನ್ಸರ್ ಸಾವುಗಳ ಕಾರಣ ಲೆಕ್ಕ ಹಾಕಿದರು. ತಂಬಾಕಿಗೆ 30 ಶೇಕಡಾ ಎಂದು ಸಾಕಷ್ಟು ಖಚಿತವಾಗಿ ಹೇಳಿದವರು ಊಟಕ್ಕೆ 35 ಎಂದು ಬರೆದು, ಪಕ್ಕದಲ್ಲೇ ಅದು 10ರಿಂದ 70ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದು ಸೇರಿಸಿದರು.

ಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕ್ಯಾನ್ಸರ್ ಸುದ್ದಿಗಳಲ್ಲಿ ಪದೇ ಪದೇ ಬರುವ ಹೆಸರು ಐಎಆರ್‌ಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, ಫ್ರಾನ್ಸಿನ ಲಿಯಾನ್‌ನಲ್ಲಿದೆ. ಇದು ವಸ್ತುಗಳನ್ನು ಗುಂಪು ಮಾಡುತ್ತದೆ. ಗುಂಪು 1 ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. 2ಎ ಅಂದರೆ ಬಹುಶಃ, 2ಬಿ ಅಂದರೆ ಇರಬಹುದು, 3 ಅಂದರೆ ಹೇಳಲು ಪುರಾವೆ ಸಾಲದು.

ಗಮನಿಸಿ, ಈ ಗುಂಪು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಅಪಾಯ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ. ನಾಗರಹಾವು ವಿಷದ ಹಾವು ಎಂಬುದು ಒಂದು ಮಾತು, ತೋಟಕ್ಕೆ ಹೋದ ನಿಮ್ಮನ್ನು ಅದು ಕಚ್ಚುವ ಸಂಭವ ಎಷ್ಟು ಎಂಬುದು ಇನ್ನೊಂದು ಮಾತು. ಸಂಸ್ಕರಿಸಿದ ಮಾಂಸ 2015ರಲ್ಲಿ ಸಿಗರೇಟಿನ ಜೊತೆ ಗುಂಪು 1ಕ್ಕೆ ಬಂತು. ಆದರೆ ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18 ಶೇಕಡಾ ಏರುತ್ತದೆ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಹದಿನೈದು ಪಟ್ಟು, ಅದಕ್ಕೂ ಮೇಲೆ. ಒಂದೇ ಗುಂಪಿನಲ್ಲಿವೆ ಅಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಅರಕಲಗೂಡು, ರಾಮನಾಥಪುರದ ಹೊಗೆಸೊಪ್ಪಿನ ವಿಷಯದಲ್ಲಿ ಹಾಗಾಗಿ ಈಗ ವಿಜ್ಞಾನದ ವಾದ ಏನೂ ಉಳಿದಿಲ್ಲ, ಉಳಿದಿರುವುದು ಬೆಳೆಗಾರರ ಬದುಕಿನ ಪ್ರಶ್ನೆ ಮಾತ್ರ.

ಕಾಫಿ ಪಟ್ಟಿಯಿಂದ ಇಳಿದದ್ದು

1991ರಲ್ಲಿ ಐಎಆರ್‌ಸಿ ಕಾಫಿಯನ್ನು 2ಬಿ ಗುಂಪಿಗೆ ಹಾಕಿತ್ತು. ಕಾರಣ ಮೂತ್ರಕೋಶದ ಕ್ಯಾನ್ಸರ್. ಆದರೆ ಕಾಫಿ ಜಾಸ್ತಿ ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಜಾಸ್ತಿ, ಸಿಗರೇಟಿನಿಂದ ಮೂತ್ರಕೋಶದ ಕ್ಯಾನ್ಸರ್ ಬರುವುದು ಖಚಿತ. ಹಾಗಿದ್ದರೆ ಯಾವುದರ ಪಾಪ ಯಾವುದರ ತಲೆಗೆ ಬಂತು? ಮುಂದಿನ 25 ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳು ಸೇರಿದವು. ಆರೋಗ್ಯವಾಗಿದ್ದಾಗಲೇ ಜನರ ಅಭ್ಯಾಸ ಬರೆದುಕೊಂಡು, ವರ್ಷಗಟ್ಟಲೆ ಕಾದು, ಯಾರಿಗೆ ಕಾಯಿಲೆ ಬಂತು ಎಂದು ನೋಡಿದ ಅಧ್ಯಯನಗಳು ಇವುಗಳಲ್ಲಿ ಬಹಳ. ಹೀಗೆ ಮಾಡಿದರೆ ಗ್ಯಾಸ್ಟ್ರಿಕ್ ವಾರ್ಡಿನ ಗೋಜೇ ಇಲ್ಲ.

2016ರಲ್ಲಿ 23 ವಿಜ್ಞಾನಿಗಳು ಕೂತು ಕಾಫಿಯನ್ನು ಗುಂಪು 3ಕ್ಕೆ ಇಳಿಸಿದರು. ಪ್ಯಾಂಕ್ರಿಯಾಸ್, ಸ್ತನ, ಪ್ರಾಸ್ಟೇಟ್ ಕ್ಯಾನ್ಸರುಗಳಿಗೆ ಕಾಫಿ ಕಾರಣವಲ್ಲ ಎಂಬ ಕಡೆಗೇ ಪುರಾವೆ ಇತ್ತು. ಲಿವರ್ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆಯೇ ಕಂಡಿತು. ಹಾಗಂತ ಕಾಫಿಯನ್ನು ಔಷಧಿ ಎಂದು ಮಾರುವವರ ಮಾತನ್ನೂ ನಂಬಬೇಡಿ, ಅಷ್ಟು ದೂರ ಪುರಾವೆ ಹೋಗಿಲ್ಲ.

ಅದೇ ಸಭೆಯಲ್ಲಿ ಇನ್ನೊಂದು ತೀರ್ಮಾನ ಆಯಿತು, ಅದು ನಮ್ಮಲ್ಲಿ ಅಷ್ಟಾಗಿ ಸುದ್ದಿ ಆಗಲಿಲ್ಲ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯ 2ಎ. ಕಾಫಿಯೇ ಆಗಲಿ, ಟೀಯೇ ಆಗಲಿ, ತೊಂದರೆ ಶಾಖದ್ದು. ಇರಾನಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ 50,000 ಜನರ ಟೀ ಬಿಸಿಯನ್ನು ಥರ್ಮಾಮೀಟರ್ ಇಟ್ಟು ಅಳೆದು ವರ್ಷಗಟ್ಟಲೆ ನೋಡಿದರು. 60 ಡಿಗ್ರಿ ಅಥವಾ ಅದಕ್ಕೂ ಬಿಸಿಯಾಗಿ ದಿನಕ್ಕೆ 700 ಮಿಲಿಗಿಂತ ಜಾಸ್ತಿ ಕುಡಿಯುವವರಲ್ಲಿ ಅನ್ನನಾಳದ ಕ್ಯಾನ್ಸರ್ ಸುಮಾರು 90 ಶೇಕಡಾ ಹೆಚ್ಚು ಎಂದು 2019ರಲ್ಲಿ ವರದಿ ಬಂತು. ನಾಲಿಗೆ ಸುಡುವ ಕಾಫಿಯೇ ಒಳ್ಳೆಯ ಕಾಫಿ ಎನ್ನುವವರು ಲೋಟದಿಂದ ಬಟ್ಟಲಿಗೆ ಎರಡು ಸಲ ಹುಯ್ದು ಕುಡಿದರೆ ಸಾಕು.

ಆಲೂಗೆಡ್ಡೆ ಚಿಪ್ಸ್, ಸ್ವಲ್ಪದರಲ್ಲಿ

2002ರಲ್ಲಿ ಸ್ವೀಡನ್ನಿನವರು ಕರಿದ ಆಲೂಗೆಡ್ಡೆಯಲ್ಲಿ ಅಕ್ರಿಲಮೈಡ್ ಎಂಬ ರಾಸಾಯನಿಕ ಕಂಡರು. ಗೆಡ್ಡೆಯಲ್ಲಿರುವ ಸಕ್ಕರೆ ಮತ್ತು ಅಸ್ಪರಜಿನ್ ಎಂಬ ಅಂಶ 120 ಡಿಗ್ರಿಗಿಂತ ಮೇಲೆ ಕೂಡಿಕೊಂಡಾಗ ಅದು ಹುಟ್ಟುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಗೆಡ್ಡೆಯಲ್ಲಿ ಸಕ್ಕರೆ ಜಾಸ್ತಿ ಆಗುತ್ತದೆ, ಅದಕ್ಕೇ ಅದನ್ನು ಕರಿದರೆ ಬೇಗ ಕಪ್ಪಾಗುತ್ತದೆ, ಅಕ್ರಿಲಮೈಡೂ ಜಾಸ್ತಿ. ಹುರಿದ ಕಾಫಿಯಲ್ಲೂ ಇದು ಇದೆ, ಹುರಿದ ಚಿಕೋರಿಯಲ್ಲಿ ಇನ್ನೂ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಒಬ್ಬ ನ್ಯಾಯಾಧೀಶರು ಕಾಫಿ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಬೇಕು ಎಂದಿದ್ದು ಇದೇ ಕಾರಣಕ್ಕೆ. ಮರುವರ್ಷ ಅಲ್ಲಿನ ಸರ್ಕಾರವೇ ಕಾಫಿಗೆ ವಿನಾಯಿತಿ ಕೊಟ್ಟಿತು. ಇಲಿಗಳಲ್ಲಿ ಕ್ಯಾನ್ಸರ್ ತಂದ ಅಕ್ರಿಲಮೈಡ್, ಊಟದಲ್ಲಿ ಬರುವ ಪ್ರಮಾಣದಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಇದುವರೆಗೆ ಒಂದೇ ಸಮನಾಗಿ ಕಂಡಿಲ್ಲ. ಹೊನ್ನಿನ ಬಣ್ಣಕ್ಕೆ ಬಂದಾಗ ಬಾಣಲೆಯಿಂದ ತೆಗೆಯಿರಿ, ಕಂದು ಆಗುವವರೆಗೆ ಬಿಡಬೇಡಿ. ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುವ ವಿಷಯ ಇದಲ್ಲ.

ಅಡಿಕೆ ಯಾಕೆ ಬೇರೆ

ಅಡಿಕೆ ಪರವಾಗಿ ಹೇಳುವ ಮಾತುಗಳನ್ನು ಮೊದಲು ನೋಡೋಣ. ಅಜ್ಜ ತೊಂಬತ್ತು ವರ್ಷ ಕವಳ (ಎಲೆ-ಅಡಿಕೆ) ಹಾಕಿಕೊಂಡೇ ಬದುಕಿದರು. ತೊಂದರೆ ಇರುವುದು ಗುಟ್ಕಾದಲ್ಲಿ, ಅದರೊಳಗಿನ ತಂಬಾಕಿನಲ್ಲಿ, ಶುದ್ಧ ಅಡಿಕೆಯಲ್ಲಲ್ಲ. ಆಯುರ್ವೇದದಲ್ಲಿ ಅಡಿಕೆಗೆ ಜಾಗ ಇದೆ. ಅಡಿಕೆಯ ಸಾರ ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನೇ ಕೊಂದಿದೆ.

ಇವುಗಳಲ್ಲಿ ತೂಕ ಇರುವುದು ಎರಡನೆಯದಕ್ಕೆ. 1985ರಲ್ಲಿ ಐಎಆರ್‌ಸಿ ಕೂಡ ತಂಬಾಕು ಹಾಕಿದ ಎಲೆ-ಅಡಿಕೆಯನ್ನು ಮಾತ್ರ ಗುಂಪು 1 ಎಂದಿತ್ತು. ಬರೀ ಅಡಿಕೆ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. ಭಾರತದಲ್ಲಿ ಜಗಿಯುವವರಲ್ಲಿ ಹೆಚ್ಚಿನವರು ತಂಬಾಕನ್ನೂ ಸೇರಿಸುವುದರಿಂದ ಎರಡನ್ನೂ ಬೇರೆ ಮಾಡುವುದು ಕಷ್ಟವಾಗಿತ್ತು. ಕಾಫಿ-ಸಿಗರೇಟಿನ ತೊಡಕೇ ಇದು.

ಆ ತೊಡಕು ಬಿಡಿಸಿದ್ದು ತೈವಾನ್. ಅಲ್ಲಿ ಅಡಿಕೆ ಜಗಿಯುತ್ತಾರೆ, ಅದರ ಜೊತೆ ತಂಬಾಕು ಸೇರಿಸುವುದಿಲ್ಲ. 1995ರಲ್ಲಿ ಅಲ್ಲಿಂದ ಬಂದ ಒಂದು ಅಧ್ಯಯನದಲ್ಲಿ, ಸಿಗರೇಟು, ಮದ್ಯ ಎರಡೂ ಇಲ್ಲದೆ ಬರೀ ಅಡಿಕೆ ಜಗಿಯುವವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ 28 ಪಟ್ಟು, ಮೂರೂ ಇದ್ದವರಲ್ಲಿ 123 ಪಟ್ಟು ಕಂಡಿತು. ಚಿಕ್ಕ ಅಧ್ಯಯನ, 28 ಎಂಬ ಸಂಖ್ಯೆಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿಲ್ಲ. ಆದರೆ ಮ್ಯಾಕ್‌ಮಹೋನ್ ಕಾಫಿಯಲ್ಲಿ ಕಂಡದ್ದು 1.8 ಮತ್ತು 2.7. ಹೋಲಿಕೆ ಗುಂಪು ಒಂಚೂರು ಆಚೀಚೆ ಆದರೆ 1.8 ಕರಗಿಹೋಗುತ್ತದೆ, 28 ಹೋಗುವುದಿಲ್ಲ. ಬೇರೆ ಅಧ್ಯಯನಗಳೂ ಅದೇ ದಿಕ್ಕು ತೋರಿಸಿದವು. 2003ರಲ್ಲಿ ಐಎಆರ್‌ಸಿ ತಜ್ಞರು ಮತ್ತೆ ಕೂತಾಗ ತಂಬಾಕಿಲ್ಲದ ಎಲೆ-ಅಡಿಕೆಯೂ, ಬರೀ ಅಡಿಕೆಯೂ ಗುಂಪು 1ಕ್ಕೆ ಬಂದವು. ಅಂದರೆ ಕಾಫಿ ಮೇಲಿನ ಪುರಾವೆ ವರ್ಷ ಕಳೆದಂತೆ ಸಡಿಲವಾಯಿತು, ಅಡಿಕೆ ಮೇಲಿನದು ಬಿಗಿಯಾಯಿತು. ನೋಡಿದ ಕಣ್ಣು ಒಂದೇ.

ಇನ್ನೊಂದು ಪುರಾವೆ ನಮ್ಮ ದೇಶದ್ದೇ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ನಾರಿನಂತೆ ಗಟ್ಟಿಯಾಗಿ, ಬಾಯಿ ತೆರೆಯಲು ಆಗದಂತಾಗುವ ಒಂದು ಕಾಯಿಲೆ ಇದೆ. ಡಾಕ್ಟರುಗಳು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆ ಇದ್ದ 66 ಜನರನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ 7.6 ಶೇಕಡಾ ಜನರಿಗೆ ಬಾಯಿ ಕ್ಯಾನ್ಸರ್ ಆಯಿತು. ಅಡಿಕೆಯಿಂದ ಈ ಕಾಯಿಲೆ, ಈ ಕಾಯಿಲೆಯಿಂದ ಕ್ಯಾನ್ಸರ್, ನಡುವಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಕಾಫಿಯಲ್ಲಿ ಇಂಥ ಮೆಟ್ಟಿಲು ಯಾರಿಗೂ ಸಿಗಲಿಲ್ಲ.

ಇನ್ನು ಅಜ್ಜನ ಮಾತು. ಬೀಡಿ ಸೇದಿಯೂ ತೊಂಬತ್ತು ದಾಟಿದವರು ಇದ್ದಾರೆ, ಅಲ್ವಾ? ಜಗಿದು ಐವತ್ತಕ್ಕೇ ಹೋದವರು ನಮ್ಮ ಮುಂದೆ ಕೂತು ಕಥೆ ಹೇಳುವುದಿಲ್ಲ. ಆದರೆ ಆ ಮಾತಿನಲ್ಲಿ ಒಂದು ನಿಜ ಇದೆ, ಪ್ರಮಾಣದ್ದು. ಹಬ್ಬದೂಟ ಆದ ಮೇಲೆ ಒಂದು ಕವಳ ಹಾಕಿಕೊಳ್ಳುವುದೂ, ಬೆಳಗಿನಿಂದ ರಾತ್ರಿವರೆಗೆ ಪಾನ್ ಮಸಾಲ ಪೊಟ್ಟಣ ಹರಿದು ಕೆನ್ನೆಯಲ್ಲಿಟ್ಟುಕೊಳ್ಳುವುದೂ ಒಂದೇ ಅಲ್ಲ. ಎಷ್ಟು ಸಲ, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಬಂದವು. ಗಿರಾಕಿ ಬಾಯಲ್ಲೇ ಬೆರೆಸಿಕೊಳ್ಳುತ್ತಾನೆ.

ಲ್ಯಾಬಿನ ವಿಷಯ ಹೇಳುವುದಾದರೆ, ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ವಸ್ತುಗಳು ನೂರಾರಿವೆ. ಅದರಿಂದ ಔಷಧಿಯ ದಾರಿ ಸಿಕ್ಕರೂ ಸಿಗಬಹುದು, ಜಗಿಯುವುದು ಸುರಕ್ಷಿತ ಎಂದು ಆಗುವುದಿಲ್ಲ.

ಹೊಸ ಅಧ್ಯಯನದಲ್ಲಿ ಏನು ನೋಡಬೇಕು

ಹೊಸ ಅಧ್ಯಯನ ಬೇಡ ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಉಪಯೋಗ ಇದೆ. ಬೇಯಿಸಿ ಒಣಗಿಸಿದ ಮಲೆನಾಡಿನ ಕೆಂಪಡಿಕೆ, ಬೇಯಿಸದೆ ಬಿಸಿಲಿಗೆ ಒಣಗಿಸಿದ ಕರಾವಳಿಯ ಚಾಲಿ, ಹಸಿ ಅಡಿಕೆ, ಇವುಗಳ ನಡುವೆ ಅಪಾಯದಲ್ಲಿ ವ್ಯತ್ಯಾಸ ಇದೆಯಾ? ದಿನಕ್ಕೆ ಒಂದು ಕವಳದವರ ಅಪಾಯ ಎಷ್ಟು? ಇವು ನಿಜವಾದ ಪ್ರಶ್ನೆಗಳು. ಆದರೆ ಫಲಿತಾಂಶ ಬಂದಾಗ ಹೆಡ್‌ಲೈನ್ ನೋಡಿ ಕುಣಿಯುವ ಮೊದಲು ಕೆಲವನ್ನು ಕೇಳಿ. ತಂಬಾಕು ಯಾವತ್ತೂ ಮುಟ್ಟದವರನ್ನು ಬೇರೆ ಮಾಡಿ ನೋಡಿದರಾ? ಹೋಲಿಕೆ ಗುಂಪು ಎಲ್ಲಿಂದ ಬಂತು? ದಂತ ಆಸ್ಪತ್ರೆಯಿಂದ ತಂದಿದ್ದರೆ ಬಾಯಿ ನೋವಿಗೆ ಜಗಿಯುವುದು ಬಿಟ್ಟವರು ಅದರಲ್ಲಿ ಸೇರಿರುತ್ತಾರೆ, 1981ರ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ. ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂದು ಬರೆದಿಡುವ ಕ್ಯಾನ್ಸರ್ ನೋಂದಣಿಯ ಲೆಕ್ಕ ಬಳಸಿದರಾ? ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಅಂಥ ನೋಂದಣಿ ನಡೆಯುತ್ತಿದೆ. ಕೃಷಿ ಸಂಸ್ಥೆಗಳು ಬೆಳೆಯಲ್ಲಿ ಪಳಗಿದವು, ಮನುಷ್ಯರ ಕಾಯಿಲೆಯ ಅಧ್ಯಯನಕ್ಕೆ ಆ ವಿದ್ಯೆ ತಿಳಿದವರೇ ಮುಂದೆ ನಿಲ್ಲಬೇಕು.

ಎರಡು ಕಡೆಯ ಪರಿಣಾಮ

ಅಡಿಕೆ ಗುಂಪು 1ರಲ್ಲೇ ಉಳಿದರೆ ನಾಳೆಯೇ ತೋಟ ಕಡಿಯಬೇಕಾ? ಐಎಆರ್‌ಸಿಗೆ ನಿಷೇಧ ಹಾಕುವ ಅಧಿಕಾರ ಇಲ್ಲ, ಅದು ಆಯಾ ಸರ್ಕಾರಕ್ಕೆ ಬಿಟ್ಟದ್ದು. ಗುಂಪು 1ಕ್ಕೆ ಬಂದು ಇಪ್ಪತ್ತು ವರ್ಷ ಕಳೆದರೂ ಅಡಿಕೆ ತೋಟ ಹಬ್ಬುತ್ತಲೇ ಇದೆ, ತರೀಕೆರೆ, ಕಡೂರು ಕಡೆ ಬಯಲಿಗೂ ಬಂದಿದೆ. ನಿಜವಾದ ಅಪಾಯ ಇರುವುದು ಇಲ್ಲೇ. ಮಲೆನಾಡಿನ ರಾಶಿ, ಬೆಟ್ಟೆ ಎಂಬ ಕೆಂಪಡಿಕೆ ಬಗೆಗಳಲ್ಲಿ ದೊಡ್ಡ ಪಾಲು ಉತ್ತರದ ಪಾನ್ ಮಸಾಲ ಕಾರ್ಖಾನೆಗಳಿಗೆ ಹೋಗುತ್ತದೆ. ಆ ಒಂದು ಉದ್ಯಮದ ಮೇಲೆ ತೆರಿಗೆ ಏರಿದರೂ, ನಿಯಮ ಬಿಗಿಯಾದರೂ ಪೆಟ್ಟು ಬೀಳುವುದು ಕೊಪ್ಪದ ಎರಡೆಕರೆ ತೋಟದವರಿಗೆ. ಪುರಾವೆಯೇ ಸುಳ್ಳು ಎಂದು ಅವರಿಗೆ ಭರವಸೆ ಕೊಡುವ ಮುಖಂಡರು, ಹೊಸ ಸಸಿ ನೆಡುವ ಹೊತ್ತಿನಲ್ಲಿ ಅವರಿಗೆ ಬೇಕಾದ ಎಚ್ಚರಿಕೆಯನ್ನೇ ಕಿತ್ತುಕೊಳ್ಳುತ್ತಿದ್ದಾರೆ. ಅಂತರ ಬೆಳೆ, ಕಾಳುಮೆಣಸು, ಕಾಫಿ, ಬೇರೆ ಮಾರುಕಟ್ಟೆ, ಇವುಗಳ ಬಗ್ಗೆ ಈಗ ಮಾತಾಡಿದರೆ ಬದಲಾಯಿಸಿಕೊಳ್ಳಲು ಹತ್ತು-ಹದಿನೈದು ವರ್ಷ ಸಿಗುತ್ತದೆ.

ಇನ್ನೊಂದು ಕಡೆ, ಜಗಿಯುವವರ ವಿಷಯ. ಇದಕ್ಕೆ ಹೊಸ ಅಧ್ಯಯನ ಕಾಯಬೇಕಿಲ್ಲ. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬರೀ ಕಣ್ಣಿನಿಂದ ಬಾಯಿ ನೋಡಿದರು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಶೇಕಡಾ ಇಳಿಯಿತು ಎಂದು ರೆಂಗಸ್ವಾಮಿ ಶಂಕರನಾರಾಯಣನ್ ತಂಡ 2005ರಲ್ಲಿ ವರದಿ ಮಾಡಿತು. ಯಂತ್ರ ಇಲ್ಲ, ಸ್ಕ್ಯಾನಿಂಗ್ ಇಲ್ಲ, ಒಂದು ಟಾರ್ಚ್ ಮತ್ತು ನೋಡಲು ಕಲಿತ ಕಣ್ಣು.

30 ದಾಟಿದವರಿಗೆ ಬಾಯಿ ತಪಾಸಣೆ ಈಗ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಅಡಿಕೆ ಸೀಮೆಯ ಸೊಸೈಟಿಗಳು ಕೊಯ್ಲಿನ ಕಾಲದಲ್ಲಿ, ಸುಲಿಯುವವರು, ಬೇಯಿಸುವವರು, ಬೆಳೆಗಾರರು ಎಲ್ಲ ಒಂದೇ ಕಡೆ ಸೇರಿರುವಾಗ, ಹತ್ತಿರದ ಆರೋಗ್ಯ ಕೇಂದ್ರದವರನ್ನು ಕರೆಸಿ ಒಂದು ದಿನ ತಪಾಸಣೆ ಇಡಬಹುದು. ಅಲ್ಲಿವರೆಗೆ ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನಿಮ್ಮ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆಯೋ ಹುಣ್ಣೋ ಎರಡು ವಾರ ಕಳೆದರೂ ಮಾಯದಿದ್ದರೆ, ಜಗಿಯುವುದನ್ನು ನಿಲ್ಲಿಸಿ ಅದೇ ವಾರ ದಂತ ವೈದ್ಯರ ಹತ್ತಿರ ಹೋಗಿ.